ಸಿಂಫನಿಯ ಒಂದು ಭಾಗವನ್ನು ಬ್ರಾಸ್ ಬ್ಯಾಂಡ್‌ಗೆ ಕೂರಿಸುವುದು ಹೇಗೆ?

ಈ ಪ್ರಶ್ನೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. (ಸಿಂಫನಿ ಎಂದರೆ ಇಡೀ ಆರ್ಕೆಸ್ಟ್ರಾಗೆ, ಅಂದರೆ ತಂತಿ, ಊದುವಾದ್ಯ, ತಾಳವಾದ್ಯಗಳ ದೊಡ್ಡ ತಂಡಕ್ಕೆ ಬರೆದ ಕೃತಿ.) "ಸಿಂಫನಿಯ ಸ್ಕೋರ್ ಇದೆ, ಊದುವ ಜನ ಇದ್ದಾರೆ, ಪಿಟೀಲಿನ ಸಾಲನ್ನು ಕಾರ್ನೆಟ್‌ಗೆ, ಚೆಲ್ಲೋ ಸಾಲನ್ನು ಯೂಫೋನಿಯಂಗೆ ಹಾಕಿದರೆ ಸಾಕಲ್ವಾ?" (ಕಾರ್ನೆಟ್ ಎಂದರೆ ಟ್ರಂಪೆಟ್‌ನಂಥ ಚಿಕ್ಕ ಹಿತ್ತಾಳೆ ವಾದ್ಯ, ಯೂಫೋನಿಯಂ ಅದಕ್ಕಿಂತ ದೊಡ್ಡದು, ದಪ್ಪದನಿಯದು.) ಸಾಕಾಗುವುದಿಲ್ಲ. ಹಾಗೆ ಮಾಡಿದರೆ ಸ್ವರಗಳೆಲ್ಲ ಸರಿಯಾಗಿಯೇ ಇರುತ್ತವೆ, ಆದರೆ ಹತ್ತನೇ ಬಾರ್ (ತಾಳದ ಒಂದು ಆವರ್ತದಂಥ ಅಳತೆ) ಹೊತ್ತಿಗೆ ಬ್ಯಾಂಡಿನವರು ಕೆಂಪಾಗಿರುತ್ತಾರೆ, ಕೇಳುವವರಿಗೆ ಎಲ್ಲವೂ ಒಂದೇ ಬಣ್ಣದ ಗಟ್ಟಿ ಗೋಡೆಯ ಹಾಗೆ ಕೇಳುತ್ತದೆ. ಪಿಟೀಲಿನವರಿಗೆ ಬಿಲ್ಲು ಇದೆ. ಬ್ಯಾಂಡಿನವರಿಗೆ ಇರುವುದು ಶ್ವಾಸಕೋಶ ಮತ್ತು ತುಟಿ. ಇಡೀ ಕೆಲಸ ಈ ವ್ಯತ್ಯಾಸದ ಸುತ್ತಲೇ ತಿರುಗುತ್ತದೆ.

ಮೊದಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮಲ್ಲಿ ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ ನೆನಪಾಗುತ್ತದೆ. ಅದರಲ್ಲಿ ಕ್ಲಾರಿನೆಟ್, ಸ್ಯಾಕ್ಸೋಫೋನ್ ಎಲ್ಲ ಇರುತ್ತವೆ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಗಣಿ ಮತ್ತು ಗಿರಣಿ ಊರುಗಳಲ್ಲಿ ಬೆಳೆದ ಬ್ರಾಸ್ ಬ್ಯಾಂಡ್ ಬಗ್ಗೆ. ಅದರಲ್ಲಿ ಹಿತ್ತಾಳೆ ವಾದ್ಯಗಳು ಮತ್ತು ತಾಳವಾದ್ಯ ಬಿಟ್ಟರೆ ಬೇರೇನೂ ಇಲ್ಲ. ಈ ಬ್ಯಾಂಡ್‌ಗಳಿಗೆ ಬಹಳ ಕಾಲ ಸ್ವಂತ ಸಂಗೀತವೂ ಇರಲಿಲ್ಲ, ಆಪೆರಾ ಮತ್ತು ಸಿಂಫನಿಗಳಿಂದ ಎತ್ತಿಕೊಂಡದ್ದೇ ಜಾಸ್ತಿ. ಅಲ್ಲಿನ ರಾಷ್ಟ್ರೀಯ ಸ್ಪರ್ಧೆಗೆಂದೇ ಹೊಸದಾಗಿ ಬರೆದ ಕೃತಿ ಬಂದದ್ದು 1913ರಲ್ಲಿ. ಅಂದರೆ ನೀವು ಮಾಡಹೊರಟಿರುವುದು ಹಳೆಯ ಕಸುಬು.

ಉದಾಹರಣೆಗೆ ಚೆಕ್ ರಚನೆಕಾರ ಡ್ವೊರ್ಜಾಕ್ ಅವರ ಒಂಬತ್ತನೇ ಸಿಂಫನಿಯ ("ನ್ಯೂ ವರ್ಲ್ಡ್") ಎರಡನೇ ಮೂವ್‌ಮೆಂಟ್ ತೆಗೆದುಕೊಳ್ಳುತ್ತೇನೆ. ಮೂವ್‌ಮೆಂಟ್ ಎಂದರೆ ಸಿಂಫನಿಯ ಒಂದು ಪೂರ್ಣ ಭಾಗ. ಇದರ ಹೆಸರು ಲಾರ್ಗೊ, ಅಂದರೆ ತುಂಬಾ ನಿಧಾನ. 1893ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೊದಲ ಸಲ ನುಡಿಸಿದ್ದು. ಬ್ರಿಟನ್ನಿನಲ್ಲಿ ಈ ಟ್ಯೂನ್ ಕೇಳಿದರೆ ಜನರಿಗೆ ಸಿಂಫನಿಗಿಂತ ಮೊದಲು ಬ್ರೆಡ್ ನೆನಪಾಗುತ್ತದೆ, ಯಾಕೆಂದರೆ 1973ರ ಹೋವಿಸ್ ಬ್ರೆಡ್ ಜಾಹೀರಾತಿನಲ್ಲಿ ಬ್ರಾಸ್ ಬ್ಯಾಂಡ್ ಊದಿದ್ದು ಇದನ್ನೇ. ಮೊದಲ ಸಲ ಮಾಡುವವರು ನಿಧಾನದ ಭಾಗವನ್ನೇ ಆರಿಸಿಕೊಳ್ಳಿ. ಬೇಥೋವನ್ ಅವರ ಐದನೆಯದರ ಮೊದಲ ಭಾಗ ಎಲ್ಲರಿಗೂ ಆಸೆ. ಅದು ಮೂರನೇ ಪ್ರಯತ್ನಕ್ಕೆ ಇರಲಿ.

ಬೇಕಾಗುವ ಸಾಮಾನು

ಪೂರ್ಣ ಸ್ಕೋರ್ ಬೇಕು, ಅಂದರೆ ಎಲ್ಲ ವಾದ್ಯಗಳ ಸಾಲೂ ಒಂದರ ಕೆಳಗೊಂದು ಇರುವ ಪುಸ್ತಕ. ಡ್ವೊರ್ಜಾಕ್ ತೀರಿಕೊಂಡದ್ದು 1904ರಲ್ಲಿ, ಹಾಗಾಗಿ ಹಳೆಯ ಮುದ್ರಣದ ಸ್ಕೋರ್ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬರೆಯಲು ಮ್ಯೂಸ್‌ಸ್ಕೋರ್ ಸಾಕು, ಅದೂ ಪುಕ್ಕಟೆ, ಬ್ರಾಸ್ ಬ್ಯಾಂಡ್ ಟೆಂಪ್ಲೇಟ್ ಅದರಲ್ಲೇ ಇದೆ. ಒಂದು ಕೀಬೋರ್ಡ್ ಅಥವಾ ಹಾರ್ಮೋನಿಯಂ ಪಕ್ಕದಲ್ಲಿರಲಿ. ಪೆನ್ಸಿಲ್, ರಬ್ಬರ್. ರಬ್ಬರ್ ದೊಡ್ಡದೇ ಇರಲಿ.

ಕಾಪಿರೈಟ್ ಬಗ್ಗೆ ಒಂದು ಮಾತು, ಇದನ್ನು ಹಾರಿಸಿಕೊಂಡು ಹೋಗಬೇಡಿ. ಭಾರತದಲ್ಲಿ ರಚನೆಕಾರರು ತೀರಿಕೊಂಡ ಮೇಲೆ 60 ವರ್ಷ, ಬ್ರಿಟನ್ನಿನಲ್ಲಿ 70 ವರ್ಷ ಹಕ್ಕು ಇರುತ್ತದೆ. ರಷ್ಯಾದ ರಚನೆಕಾರ ಶೊಸ್ಟಕೊವಿಚ್ ತೀರಿಕೊಂಡದ್ದು 1975ರಲ್ಲಿ. ಅವರ ಸಿಂಫನಿಯನ್ನು ಮುಟ್ಟಬೇಕಾದರೆ ಮೊದಲು ಪ್ರಕಾಶಕರಿಗೆ ಬರೆದು ಅನುಮತಿ ಪಡೆಯಬೇಕು. "ನಾವು ದುಡ್ಡಿಗೆ ಊದುವುದಿಲ್ಲ" ಎನ್ನುವುದು ಅನುಮತಿಯಲ್ಲ.

1. ಬ್ಯಾಂಡ್‌ನಲ್ಲಿ ಯಾರು ಯಾರಿದ್ದಾರೆ ಎಂದು ಬರೆದಿಡಿ

ಪೂರ್ಣ ಬ್ಯಾಂಡ್ ಎಂದರೆ 25 ಜನ ಊದುವವರು, ಜೊತೆಗೆ ತಾಳವಾದ್ಯದವರು ಇಬ್ಬರೋ ಮೂವರೋ. ಮೇಲಿನಿಂದ ಕೆಳಕ್ಕೆ ಹೀಗೆ: ಸೊಪ್ರಾನೊ ಕಾರ್ನೆಟ್ 1. ಮಾಮೂಲಿ ಕಾರ್ನೆಟ್ 9 (ಸೋಲೊ 4, ರಿಪಿಯಾನೊ 1, ಎರಡನೆಯದು 2, ಮೂರನೆಯದು 2). ಫ್ಲೂಗಲ್‌ಹಾರ್ನ್ 1. ಟೆನರ್ ಹಾರ್ನ್ 3. ಬ್ಯಾರಿಟೋನ್ 2, ಯೂಫೋನಿಯಂ 2. ಟ್ರಾಂಬೋನ್ 3, ಅದರಲ್ಲಿ ಒಂದು ಬಾಸ್ ಟ್ರಾಂಬೋನ್. ಇ ಫ್ಲ್ಯಾಟ್ ಬಾಸ್ 2, ಬಿ ಫ್ಲ್ಯಾಟ್ ಬಾಸ್ 2. (ಸ್ವರಗಳ ಹೆಸರು ಎ ಇಂದ ಜಿ ವರೆಗೆ. ಫ್ಲ್ಯಾಟ್ ಎಂದರೆ ಅದನ್ನು ಅರ್ಧ ಸ್ವರ ಇಳಿಸಿದ್ದು, ಶಾರ್ಪ್ ಎಂದರೆ ಅರ್ಧ ಸ್ವರ ಏರಿಸಿದ್ದು.) ಬಾಸ್ ಎಂದರೆ ಟ್ಯೂಬಾ, ಬ್ಯಾಂಡಿನವರು ಹಾಗೆ ಕರೆಯುವುದಿಲ್ಲ ಅಷ್ಟೇ.

ಇದು ಕಾಗದದ ಮೇಲಿನ ಬ್ಯಾಂಡ್. ನಿಮ್ಮ ಬ್ಯಾಂಡ್‌ನಲ್ಲಿ ಸೊಪ್ರಾನೊ ಊದುವವರು ಪ್ರತಿ ವಾರ ಬರುತ್ತಾರಾ? ಎರಡನೇ ಬ್ಯಾರಿಟೋನ್ ಖಾಲಿ ಕುರ್ಚಿಯಾ? ಮೊದಲೇ ಕೇಳಿಕೊಳ್ಳಿ. ಯಾರು ಗಟ್ಟಿ, ಯಾರು ಹೊಸಬರು, ಯಾರಿಗೆ ಮೇಲಿನ ಸ್ವರ ಹಿಡಿಸುವುದಿಲ್ಲ, ಎಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ನೀವು ಬರೆಯುತ್ತಿರುವುದು ಈ ಹಾಳೆಯಲ್ಲಿರುವವರಿಗೆ.

2. ಸ್ವರ ಬರೆಯುವ ಲೆಕ್ಕ ಅರ್ಥ ಮಾಡಿಕೊಳ್ಳಿ

ಹೊಸಬರು ಜಾಸ್ತಿ ಎಡವುವುದು ಇಲ್ಲಿ. ಬ್ಯಾಂಡ್ ವಾದ್ಯಗಳು ಟ್ರಾನ್ಸ್‌ಪೋಸಿಂಗ್ ವಾದ್ಯಗಳು. ಅಂದರೆ ಕಾಗದದಲ್ಲಿ ಬರೆದ ಸ್ವರ ಒಂದು, ಕೇಳುವ ಸ್ವರ ಇನ್ನೊಂದು. ನಮಗೆ ಇದು ಹೊಸದೇನಲ್ಲ. ಹಾಡುವವರು ಬಿಳಿ ಒಂದು, ಕಪ್ಪು ಎರಡು ಎಂದು ಶ್ರುತಿ ಬದಲಿಸುತ್ತಾರಲ್ಲ, ಶ್ರುತಿ ಯಾವುದಾದರೂ ಸ ಎಂದರೆ ಸನೇ. ಹಾಗೆಯೇ ಇಲ್ಲಿ ಬರೆದ ಸಿ ಸ್ವರಕ್ಕೆ ಯಾರೂ ವಾಲ್ವ್, ಅಂದರೆ ವಾದ್ಯದ ಗುಂಡಿ, ಒತ್ತುವುದಿಲ್ಲ, ಕಾರ್ನೆಟ್ಟಾದರೂ ಅಷ್ಟೇ, ದೊಡ್ಡ ಬಾಸಾದರೂ ಅಷ್ಟೇ. ಬೆರಳು ಒಂದೇ, ಶ್ರುತಿ ಬೇರೆ. ಹಾಗಾಗಿಯೇ ಕಾರ್ನೆಟ್ ಕಲಿತವರು ನಾಳೆ ಟೆನರ್ ಹಾರ್ನ್ ಹಿಡಿದರೂ ಓದಬಲ್ಲರು. ಬಾಸ್ ಟ್ರಾಂಬೋನ್ ಒಂದನ್ನು ಬಿಟ್ಟು ಎಲ್ಲರಿಗೂ ಟ್ರೆಬಲ್ ಕ್ಲೆಫ್, ಅಂದರೆ ಮೇಲಿನ ಸ್ವರಗಳಿಗೆ ಬಳಸುವ ಸುರುಳಿ ಗುರುತು.

ಕೀಬೋರ್ಡಿನ ಕಪ್ಪು ಬಿಳಿ ಎಲ್ಲ ಸೇರಿಸಿ ಒಂದೊಂದನ್ನೂ ಒಂದು ಮನೆ ಎಂದುಕೊಂಡರೆ ಲೆಕ್ಕ ಹೀಗಿದೆ:

- ಸೊಪ್ರಾನೊ ಕಾರ್ನೆಟ್: ಬರೆದದ್ದಕ್ಕಿಂತ 3 ಮನೆ ಮೇಲೆ ಕೇಳುತ್ತದೆ
- ಕಾರ್ನೆಟ್, ಫ್ಲೂಗಲ್: 2 ಮನೆ ಕೆಳಗೆ
- ಟೆನರ್ ಹಾರ್ನ್: 9 ಮನೆ ಕೆಳಗೆ
- ಬ್ಯಾರಿಟೋನ್, ಯೂಫೋನಿಯಂ, ಮೊದಲ ಎರಡು ಟ್ರಾಂಬೋನ್: 14 ಮನೆ ಕೆಳಗೆ
- ಇ ಫ್ಲ್ಯಾಟ್ ಬಾಸ್: 21 ಮನೆ ಕೆಳಗೆ
- ಬಿ ಫ್ಲ್ಯಾಟ್ ಬಾಸ್: 26 ಮನೆ ಕೆಳಗೆ
- ಬಾಸ್ ಟ್ರಾಂಬೋನ್: ಬರೆದದ್ದೇ ಕೇಳುತ್ತದೆ, ಬಾಸ್ ಕ್ಲೆಫ್

ಸಾಫ್ಟ್‌ವೇರ್ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಆದರೂ ನಿಮಗೆ ಗೊತ್ತಿರಬೇಕು, ಯಾಕೆಂದರೆ ರಿಹರ್ಸಲ್‌ನಲ್ಲಿ ಹಾರ್ನ್‌ನವರು "ಇಲ್ಲಿ ನನಗೆ ಎಫ್ ಇದೆ, ಸರೀನಾ?" ಎಂದು ಕೇಳಿದಾಗ ಲ್ಯಾಪ್‌ಟಾಪ್ ತೆರೆಯುತ್ತಾ ಕೂರಲಾಗುವುದಿಲ್ಲ.

3. ಶ್ರುತಿ ನಿರ್ಧರಿಸಿ

ಲಾರ್ಗೊ ಇರುವುದು ಡಿ ಫ್ಲ್ಯಾಟ್ ಮೇಜರ್‌ನಲ್ಲಿ. (ಮೇಜರ್, ಮೈನರ್ ಎಂದರೆ ಸ್ವರಶ್ರೇಣಿಯ ಎರಡು ಬಗೆ.) ಐದು ಫ್ಲ್ಯಾಟ್, ಪಿಟೀಲಿನವರಿಗೆ ಅಷ್ಟೇನೂ ಇಷ್ಟವಿಲ್ಲದ ಶ್ರುತಿ. ಬ್ಯಾಂಡ್‌ಗೆ ಹಬ್ಬ! ಬಿ ಫ್ಲ್ಯಾಟ್ ವಾದ್ಯಗಳಿಗೆ (ಮೇಲಿನ ಪಟ್ಟಿಯಲ್ಲಿ 2, 14, 26 ಮನೆಯವು) ಅದು ಇ ಫ್ಲ್ಯಾಟ್ ಮೇಜರ್ ಆಗುತ್ತದೆ (ಮೂರೇ ಫ್ಲ್ಯಾಟ್), ಇ ಫ್ಲ್ಯಾಟ್ ವಾದ್ಯಗಳಿಗೆ (3, 9, 21 ಮನೆಯವು) ಬಿ ಫ್ಲ್ಯಾಟ್ ಮೇಜರ್ (ಎರಡೇ). ಮೂಲ ಶ್ರುತಿಯನ್ನು ಮುಟ್ಟಬೇಡಿ.

ಎಲ್ಲ ಕೃತಿಗಳೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಶೂಬರ್ಟ್ ಅವರ "ಅನ್‌ಫಿನಿಶ್ಡ್" ಸಿಂಫನಿಯ ಮೊದಲ ಭಾಗ ಬಿ ಮೈನರ್. ಹಾಗೆಯೇ ಬರೆದರೆ ಕಾರ್ನೆಟ್‌ನವರಿಗೆ ನಾಲ್ಕು ಶಾರ್ಪ್, ಹಾರ್ನ್‌ನವರಿಗೆ ಐದು. ಒಂದೇ ಒಂದು ಮನೆ ಕೆಳಗಿಳಿಸಿ ಬಿ ಫ್ಲ್ಯಾಟ್ ಮೈನರ್ ಮಾಡಿ ನೋಡಿ, ಕಾರ್ನೆಟ್‌ಗೆ ಮೂರು ಫ್ಲ್ಯಾಟ್, ಹಾರ್ನ್‌ಗೆ ಎರಡು. ಶ್ರುತಿ ಬದಲಿಸುವುದು ಪಾಪ ಎಂದು ಕೆಲವರು ಹೇಳುತ್ತಾರೆ. ಶ್ರುತಿ ತಪ್ಪಿ ಊದಿಸುವುದು ಅದಕ್ಕಿಂತ ದೊಡ್ಡ ಪಾಪ ಎಂಬುದು ನನ್ನ ಅಭಿಪ್ರಾಯ.

ಲಾರ್ಗೊದಲ್ಲಿ ಗುಂಡಿ ಇರುವುದು ಬೇರೆ ಎರಡು ಕಡೆ. ಒಂದು, ಮೊದಲ ಬಾರ್‌ನಲ್ಲೇ. ಕೃತಿ ಡಿ ಫ್ಲ್ಯಾಟ್‌ನಲ್ಲಿ ಶುರುವಾಗುವುದೇ ಇಲ್ಲ, ಎ‌ಲ್ಲೋ ದೂರದ ಇ ಮೇಜರ್ ಕಾರ್ಡ್‌ನಲ್ಲಿ ಶುರುವಾಗಿ ನಾಲ್ಕು ಬಾರ್‌ಗಳಲ್ಲಿ ಮೆಲ್ಲಗೆ ಮನೆಗೆ ಬಂದು ಸೇರುತ್ತದೆ. (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಮೂರು ನಾಲ್ಕು ಸ್ವರ.) ಆ ಮೊದಲ ಕಾರ್ಡನ್ನು ಲೆಕ್ಕದ ಪ್ರಕಾರ ಬರೆದರೆ ಟೆನರ್ ಹಾರ್ನ್‌ನವರಿಗೆ ಸಿ ಶಾರ್ಪ್, ಇ ಶಾರ್ಪ್, ಜಿ ಶಾರ್ಪ್ ಕಾಣಿಸುತ್ತದೆ. ಇ ಶಾರ್ಪ್ ನೋಡಿ ಅವರು ಒಂದು ಕ್ಷಣ ಕಣ್ಣು ಕಿರಿದು ಮಾಡುತ್ತಾರೆ, ಆ ಒಂದು ಕ್ಷಣದಲ್ಲಿ ಕಾರ್ಡ್ ಒಡೆಯುತ್ತದೆ. ಅದನ್ನೇ ಡಿ ಫ್ಲ್ಯಾಟ್, ಎಫ್, ಎ ಫ್ಲ್ಯಾಟ್ ಎಂದು ಬರೆಯಿರಿ. ಸದ್ದು ಅದೇ, ಹೆಸರು ಬೇರೆ. ಹೀಗೆ ಒಂದೇ ಸದ್ದಿಗೆ ಎರಡು ಹೆಸರಿರುವುದನ್ನು ಎನ್‌ಹಾರ್ಮೋನಿಕ್ ಎನ್ನುತ್ತಾರೆ.

ಎರಡನೆಯದು ನಡುವಿನ ಸಿ ಶಾರ್ಪ್ ಮೈನರ್ ಭಾಗ. ನೇರವಾಗಿ ಬರೆದರೆ ಬಿ ಫ್ಲ್ಯಾಟ್ ವಾದ್ಯಗಳಿಗೆ ಆರು ಶಾರ್ಪ್, ಇ ಫ್ಲ್ಯಾಟ್ ವಾದ್ಯಗಳಿಗೆ ಏಳು. ಏಳು ಶಾರ್ಪ್ ಎಂದರೆ ಇರುವ ಎಲ್ಲ ಸ್ವರಕ್ಕೂ ಶಾರ್ಪ್! ಅದರ ಬದಲು ಬಿ ಫ್ಲ್ಯಾಟ್ ವಾದ್ಯಗಳಿಗೆ ಇ ಫ್ಲ್ಯಾಟ್ ಮೈನರ್ (ಆರು ಫ್ಲ್ಯಾಟ್), ಇ ಫ್ಲ್ಯಾಟ್ ವಾದ್ಯಗಳಿಗೆ ಬಿ ಫ್ಲ್ಯಾಟ್ ಮೈನರ್ (ಐದು ಫ್ಲ್ಯಾಟ್) ಹಾಕಿ. ಆರು ಶಾರ್ಪ್‌ಗೂ ಆರು ಫ್ಲ್ಯಾಟ್‌ಗೂ ಏನು ವ್ಯತ್ಯಾಸ ಎಂದು ಕೇಳಬಹುದು. ಲೆಕ್ಕದಲ್ಲಿ ಇಲ್ಲ, ಅಭ್ಯಾಸದಲ್ಲಿ ಇದೆ. ಬ್ಯಾಂಡಿನವರು ಹುಟ್ಟಾ ಫ್ಲ್ಯಾಟ್ ಓದಿ ಬೆಳೆದವರು. ಬಾಸ್ ಟ್ರಾಂಬೋನ್‌ನವರಿಗೆ ಮಾತ್ರ ಮೂಲದ ನಾಲ್ಕು ಶಾರ್ಪ್ ಇರಲಿ. ಸ್ಕೋರ್‌ನಲ್ಲಿ ನೋಡಲು ವಿಚಿತ್ರವಾಗಿರುತ್ತದೆ, ಪರವಾಗಿಲ್ಲ.

4. ಶಾರ್ಟ್ ಸ್ಕೋರ್ ಮಾಡಿ

ಶಾರ್ಟ್ ಸ್ಕೋರ್ ಎಂದರೆ ಇಡೀ ಆರ್ಕೆಸ್ಟ್ರಾವನ್ನು ನಾಲ್ಕೈದು ಸಾಲಿಗೆ ಕುಗ್ಗಿಸಿದ್ದು. ರಾಗ (ಇಲ್ಲಿ ರಾಗ ಎಂದರೆ ಮುಖ್ಯ ಟ್ಯೂನ್) ಒಂದು ಸಾಲು, ಅದಕ್ಕೆ ಉತ್ತರ ಕೊಡುವ ದನಿ ಒಂದು ಸಾಲು, ಒಳಗಿನ ಕಾರ್ಡ್‌ಗಳು ಒಂದೆರಡು ಸಾಲು, ಬುಡ ಒಂದು ಸಾಲು. ಯಾವ ವಾದ್ಯ ಎಂಬುದನ್ನು ಸದ್ಯಕ್ಕೆ ಮರೆತುಬಿಡಿ.

ಇದನ್ನು ಬಿಟ್ಟು ನೇರವಾಗಿ ಬ್ಯಾಂಡ್ ಸ್ಕೋರ್‌ಗೆ ಹಾರುವವರೇ ಹೆಚ್ಚು. ಆಗ ಏನಾಗುತ್ತದೆ ಎಂದರೆ, ಆರ್ಕೆಸ್ಟ್ರಾದಲ್ಲಿ ಒಂದೇ ಸ್ವರವನ್ನು ಓಬೋ (ಮರದ ಊದುವಾದ್ಯ), ಎರಡನೇ ಪಿಟೀಲು, ಹಾರ್ನ್ ಮೂರೂ ನುಡಿಸುತ್ತಿದ್ದರೆ ನೀವು ಮೂರನ್ನೂ ಮೂರು ಕಡೆ ನಕಲು ಮಾಡುತ್ತೀರಿ. ಅಲ್ಲಿ ಮೂರು ಬೇರೆ ಬಣ್ಣ ಸೇರಿ ಒಂದು ಹೊಸ ಬಣ್ಣವಾಗಿತ್ತು. ಇಲ್ಲಿ ಹಿತ್ತಾಳೆಯ ಮೇಲೆ ಹಿತ್ತಾಳೆ, ಸುಮ್ನೆ ಗಟ್ಟಿ ಸದ್ದು. ಶಾರ್ಟ್ ಸ್ಕೋರ್‌ನಲ್ಲಿ ಆ ಸ್ವರ ಒಂದೇ ಸಲ ಕಾಣುತ್ತದೆ, ಎಷ್ಟು ಜನಕ್ಕೆ ಕೊಡಬೇಕು ಎಂದು ನೀವೇ ಯೋಚಿಸಬೇಕಾಗುತ್ತದೆ.

ಇದನ್ನು ಹಾರ್ಮೋನಿಯಂ ಮೇಲೆ ನಿಧಾನಕ್ಕೆ ನುಡಿಸಿ ನೋಡಿ. ಕಿವಿಗೆ ಏನೋ ಖಾಲಿ ಅನಿಸಿದರೆ ಒಂದು ಒಳದನಿ ಬಿಟ್ಟುಹೋಗಿದೆ.

5. ರಾಗಗಳನ್ನು ಹಂಚಿ

ಈಗ ಖುಷಿಯ ಕೆಲಸ. ಲಾರ್ಗೊದ ಹೆಸರಾಂತ ರಾಗ ಏಳನೇ ಬಾರ್‌ನಲ್ಲಿ ಕೋರ್ ಆಂಗ್ಲೆ ಎಂಬ ವಾದ್ಯದಲ್ಲಿ ಬರುತ್ತದೆ, ಅದು ಓಬೋದ ದಪ್ಪದನಿಯ ಅಕ್ಕ ಇದ್ದಂತೆ. ಬ್ಯಾಂಡ್‌ನಲ್ಲಿ ಇದಕ್ಕೆ ಉತ್ತರ ಒಂದೇ, ಫ್ಲೂಗಲ್‌ಹಾರ್ನ್. ಕೇಳುವ ಸ್ವರಗಳು ಎಫ್, ಎ ಫ್ಲ್ಯಾಟ್, ಎ ಫ್ಲ್ಯಾಟ್, ಆಮೇಲೆ ಎಫ್, ಇ ಫ್ಲ್ಯಾಟ್, ಡಿ ಫ್ಲ್ಯಾಟ್. ಫ್ಲೂಗಲ್‌ನವರ ಕಾಗದದಲ್ಲಿ ಅದು ಜಿ, ಬಿ ಫ್ಲ್ಯಾಟ್, ಬಿ ಫ್ಲ್ಯಾಟ್, ಜಿ, ಎಫ್, ಇ ಫ್ಲ್ಯಾಟ್. ಐದು ಗೆರೆಗಳ ಒಳಗೇ, ವಾದ್ಯದ ಅತಿ ಬೆಚ್ಚಗಿನ ಜಾಗದಲ್ಲಿ ಕೂತಿದೆ. ಸೋಲೊ ಕಾರ್ನೆಟ್‌ನವರು "ಇದು ನಮಗೆ ಬರಬೇಕಿತ್ತು" ಎನ್ನುತ್ತಾರೆ. ಎನ್ನಲಿ. ಅವರಿಗೆ ನಡುವಿನ ಭಾಗದ ಕೊಳಲು ಮತ್ತು ಓಬೋ ರಾಗ ಇದೆ.

ಉಳಿದದ್ದಕ್ಕೆ ನನ್ನ ಸಾಮಾನ್ಯ ಹಂಚಿಕೆ: ಮೊದಲ ಪಿಟೀಲಿಗೆ ಸೋಲೊ ಕಾರ್ನೆಟ್, ವಯೋಲಾಗೆ ಟೆನರ್ ಹಾರ್ನ್, ಚೆಲ್ಲೋಗೆ ಯೂಫೋನಿಯಂ, ಆರ್ಕೆಸ್ಟ್ರಾ ಹಾರ್ನ್‌ಗಳಿಗೆ ಟೆನರ್ ಹಾರ್ನ್ ಮತ್ತು ಬ್ಯಾರಿಟೋನ್ ಸೇರಿಸಿ. ಟ್ರಾಂಬೋನ್‌ಗೆ ಟ್ರಾಂಬೋನೇ. ಆದರೆ ಎರಡು ಪುಟಕ್ಕೊಮ್ಮೆ ಈ ಹಂಚಿಕೆಯನ್ನು ಮುರಿಯಿರಿ. ಯೂಫೋನಿಯಂ ಯಾವಾಗಲೂ ಚೆಲ್ಲೋ ಆಗಿದ್ದರೆ ಕೇಳುವವರಿಗೆ ಬೇಸರ, ಊದುವವರಿಗೆ ಸುಸ್ತು.

ಇಲ್ಲೊಂದು ತಮಾಷೆ. ಇಡೀ ಸಿಂಫನಿಯಲ್ಲಿ ಟ್ಯೂಬಾಗೆ ಇರುವುದು 14 ಸ್ವರ, ಅಷ್ಟೂ ಈ ಲಾರ್ಗೊದಲ್ಲೇ. ನಿಮ್ಮ ಬಾಸ್‌ನವರು ಸ್ಕೋರ್ ನೋಡಿ ಆರಾಮಾಗಿ ಕೂತಿದ್ದರೆ ಎಬ್ಬಿಸಿ, ಅವರಿಗೆ ಡಬಲ್ ಬಾಸ್‌ನ (ಆರ್ಕೆಸ್ಟ್ರಾದ ಅತಿ ದಪ್ಪದನಿಯ ತಂತಿವಾದ್ಯ) ಕೆಲಸವೆಲ್ಲ ಬರುತ್ತದೆ.

ಸೊಪ್ರಾನೊ ಬಗ್ಗೆ ಎಚ್ಚರಿಕೆ. ಅದು ಉಪ್ಪಿನಕಾಯಿ, ಅನ್ನವಲ್ಲ. ಎತ್ತರದಲ್ಲಿ ಸತತವಾಗಿ ಎಂಟು ಬಾರ್ ಊದಿದರೆ ಉಳಿದ 24 ಜನ ಇಲ್ಲದ ಹಾಗೆಯೇ.

6. ಉಸಿರಿನ ಲೆಕ್ಕ ಹಾಕಿ

ಉಳಿದದ್ದನ್ನೆಲ್ಲ ಅವಸರದಲ್ಲಿ ಓದಿದರೂ ಇದನ್ನು ನಿಧಾನವಾಗಿ ಓದಿ.

ಸ್ಕೋರ್‌ನಲ್ಲಿ ವೇಗ ಕೊಟ್ಟಿರುವುದು ನಿಮಿಷಕ್ಕೆ 52 ಬೀಟ್. ಒಂದು ಬಾರ್‌ಗೆ ನಾಲ್ಕು ಬೀಟ್. ನಾಲ್ಕು ಬಾರ್ ಎಂದರೆ 16 ಬೀಟ್, ಅಂದರೆ ಸುಮಾರು 18 ಸೆಕೆಂಡ್. ಈಗ ಗಡಿಯಾರ ನೋಡಿಕೊಂಡು 18 ಸೆಕೆಂಡ್ ಬಾಯಿಂದ ಗಾಳಿ ಬಿಡಿ ನೋಡೋಣ. ತೆಳುವಾಗಿ ಬಿಟ್ಟರೆ ಆಗಬಹುದು. ಬಿ ಫ್ಲ್ಯಾಟ್ ಬಾಸ್ ನುಂಗುವಷ್ಟು ಗಾಳಿ ಬಿಟ್ಟರೆ ಅರ್ಧ ದಾರಿಯಲ್ಲೇ ಖಾಲಿ. ತಂತಿವಾದ್ಯದವರು ಬಿಲ್ಲು ತಿರುಗಿಸಿದರೆ ಮುಗಿಯಿತು, ಹಾಗಾಗಿ ಡ್ವೊರ್ಜಾಕ್ ಧಾರಾಳವಾಗಿ ಉದ್ದುದ್ದ ಸ್ವರ ಬರೆದಿದ್ದಾರೆ.

ಇದಕ್ಕೆ ದಾರಿ ಎಂದರೆ ಸರದಿ ಉಸಿರು. ಒಂದೇ ಸ್ವರವನ್ನು ಇಬ್ಬರು ಹಿಡಿಯುತ್ತಾರೆ, ಒಬ್ಬರು ಉಸಿರೆಳೆದುಕೊಳ್ಳುವಾಗ ಇನ್ನೊಬ್ಬರು ಬಿಡುವುದಿಲ್ಲ. ಓಲಗದಲ್ಲಿ ಶ್ರುತಿ ಕಡಿಯದೆ ಬರುತ್ತದಲ್ಲ, ಆ ಪರಿಣಾಮ ಬೇಕು, ಇಬ್ಬರ ನಡುವೆ ಹಂಚಿಕೊಂಡು. "ಅವರೇ ನೋಡಿಕೊಳ್ಳುತ್ತಾರೆ" ಎಂದು ಬಿಡಬೇಡಿ. ಪಾರ್ಟ್‌ನಲ್ಲೇ (ಅವರವರ ಕೈಗೆ ಕೊಡುವ ಹಾಳೆಯಲ್ಲೇ) ಗುರುತು ಹಾಕಿ: ಮೊದಲ ಬಾಸ್ ಎರಡನೇ ಬಾರ್‌ನ ಎರಡನೇ ಬೀಟ್ ಆದ ಮೇಲೆ, ಎರಡನೇ ಬಾಸ್ ಮೂರನೇ ಬಾರ್‌ನ ಮೂರನೇ ಬೀಟ್ ಆದ ಮೇಲೆ. ಬಾರ್ ಗೆರೆಯ ಮೇಲೆ ಯಾರಿಗೂ ಉಸಿರು ಕೊಡಬೇಡಿ, ಎಲ್ಲರೂ ತಾವಾಗಿಯೇ ಅಲ್ಲೇ ಎಳೆದುಕೊಳ್ಳುತ್ತಾರೆ, ಅಲ್ಲೊಂದು ತೂತು ಬೀಳುತ್ತದೆ.

ಒಂಟಿ ರಾಗ ಊದುವವರಿಗೆ ಈ ಸೌಲಭ್ಯ ಇಲ್ಲ. ಅವರ ರಾಗವನ್ನು ಬರೆದ ಮೇಲೆ ನೀವೇ ಬಾಯಲ್ಲಿ ಹಾಡಿ. ಎಲ್ಲಿ ಉಸಿರು ಬೇಕೆನಿಸಿತೋ ಅಲ್ಲಿ ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ಹಿಂದಿನ ಸ್ವರವನ್ನು ಅರ್ಧ ಬೀಟ್ ಕತ್ತರಿಸಿ. ಸ್ವರ ಕತ್ತರಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಉಸಿರುಗಟ್ಟಿದ್ದು ಎಲ್ಲರಿಗೂ ಗೊತ್ತಾಗುತ್ತದೆ.

ತುಟಿಯದ್ದು ಬೇರೆ ಲೆಕ್ಕ. ಎತ್ತರದ ಸ್ವರ ಊದುವಾಗ ತುಟಿ ಬೇಗ ಸೋಲುತ್ತದೆ. ಲಾರ್ಗೊ ಪೂರ್ತಿ ನುಡಿಸಿದರೆ ಸುಮಾರು 12 ನಿಮಿಷ. ನಾನು ಮೊದಲ ಸಲ ಮಾಡಿದ ಅರೇಂಜ್‌ಮೆಂಟ್‌ನಲ್ಲಿ ಸೋಲೊ ಕಾರ್ನೆಟ್‌ಗೆ ಒಂದೂ ಬಿಡುವು ಇರಲಿಲ್ಲ, ಮೂರನೇ ಕಾರ್ನೆಟ್‌ನವರು ಹೊತ್ತು ಹೋಗದೆ ಕೂತಿದ್ದರು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ಈಗ ಬರೆದಾದ ಮೇಲೆ ಪ್ರತಿ ಪಾರ್ಟನ್ನೂ ಬೇರೆಯಾಗಿ ತೆರೆದು ಬಿಡುವುಗಳನ್ನು ಎಣಿಸುತ್ತೇನೆ.

7. ತಂತಿಯ ಅಭ್ಯಾಸಗಳನ್ನು ಹಿತ್ತಾಳೆಗೆ ತಿರುಗಿಸಿ

*ಮ್ಯೂಟ್.* ಲಾರ್ಗೊದಲ್ಲಿ ತಂತಿವಾದ್ಯಗಳಿಗೆ ಮ್ಯೂಟ್ ಹಾಕಲು ಬರೆದಿದೆ, ಮ್ಯೂಟ್ ಎಂದರೆ ಸದ್ದು ತಗ್ಗಿಸುವ ಸಲಕರಣೆ. ಅದನ್ನು ನೋಡಿ ಕಾರ್ನೆಟ್‌ಗಳಿಗೂ ಮ್ಯೂಟ್ ಬರೆದುಬಿಡುತ್ತಾರೆ. ಪಿಟೀಲಿಗೆ ಮ್ಯೂಟ್ ಹಾಕಿದರೆ ದನಿ ಮಬ್ಬಾಗುತ್ತದೆ. ಕಾರ್ನೆಟ್‌ಗೆ ಮಾಮೂಲಿ ಮ್ಯೂಟ್ ಹಾಕಿದರೆ ಮೂಗಿನ ದನಿ, ಚೂಪು. ಪೂರಾ ಉಲ್ಟಾ! ಅಲ್ಲಿ ಬೇಕಾಗಿರುವುದು ಮಬ್ಬು, ಅದನ್ನು ಟೆನರ್ ಹಾರ್ನ್ ಮತ್ತು ಬ್ಯಾರಿಟೋನ್ ಮ್ಯೂಟ್ ಇಲ್ಲದೆಯೇ ಕೊಡುತ್ತವೆ. ಕಾರ್ನೆಟ್ ಬೇಕೇ ಬೇಕೆಂದರೆ ಬಟ್ಟಲಿನ ಆಕಾರದ ಕಪ್ ಮ್ಯೂಟ್ ಹಾಕಿಸಿ.

*ಸ್ಲರ್ ಗೆರೆ.* ಪಿಟೀಲಿನ ಸಾಲಿನ ಮೇಲಿರುವ ಬಾಗಿದ ಗೆರೆ ಒಂದು ಬಿಲ್ಲಿಗೆ ಎಷ್ಟು ಸ್ವರ ಎಂದು ಹೇಳುತ್ತದೆ. ಊದುವವರಿಗೆ ಅದೇ ಗೆರೆ ಎಲ್ಲಿ ನಾಲಿಗೆ ತಾಗಿಸಬೇಕು ಎಂದು ಹೇಳುತ್ತದೆ. ಎರಡೂ ಒಂದಲ್ಲ. ಎಲ್ಲ ಸ್ಲರ್‌ಗಳನ್ನೂ ಅಳಿಸಿ, ರಾಗವನ್ನು ಹಾಡಿಕೊಂಡು ಹೊಸದಾಗಿ ಹಾಕಿ. ಟ್ರಾಂಬೋನ್‌ಗೆ ವಾಲ್ವ್ ಇಲ್ಲ, ಸ್ಲೈಡ್ ಎಳೆಯುವಾಗ ಸ್ವರಗಳ ನಡುವೆ ಜಾರುವ ಸದ್ದು ಬರುತ್ತದೆ, ಅದಕ್ಕೆ ಮೆತ್ತಗೆ ನಾಲಿಗೆ ತಾಗಿಸುವ ಹಾಗೆಯೇ ಬರೆಯಿರಿ.

*ಟ್ರೆಮೊಲೊ.* ಬಿಲ್ಲನ್ನು ನಡುಗಿಸಿ ತೆಗೆಯುವ ಸದ್ದು. ಇದನ್ನು ಹಿತ್ತಾಳೆಯಲ್ಲಿ ಟುಕುಟುಕು ಎಂದು ನಾಲಿಗೆಯಲ್ಲಿ ಮಾಡಿಸಿದರೆ ಟೈಪ್‌ರೈಟರ್. ಸುಮ್ಮನೆ ಉದ್ದ ಸ್ವರ ಕೊಟ್ಟು, ಒಬ್ಬರು ಹಾರ್ನ್‌ನವರಿಗೆ ಮಾತ್ರ ಎರಡು ಸ್ವರಗಳ ನಡುವೆ ಮೆಲ್ಲಗೆ ಓಡಾಡಲು ಬಿಡಿ. ಅಷ್ಟೇ ಸಾಕು, ಕಿವಿ ಉಳಿದದ್ದನ್ನು ತುಂಬಿಕೊಳ್ಳುತ್ತದೆ.

*ಪಿಜಿಕಾಟೊ.* ಬೆರಳಿನಿಂದ ತಂತಿ ಮೀಟುವುದು. ನಡುವಿನ ಭಾಗದಲ್ಲಿ ಡಬಲ್ ಬಾಸ್‌ಗಳು ಹೀಗೆ ಮೀಟುತ್ತಾ ನಡೆಯುತ್ತವೆ. ನಾಲ್ಕೂ ಬಾಸ್‌ಗಳಿಗೆ ಚಿಕ್ಕ ಚಿಕ್ಕ ಸ್ವರ ಕೊಟ್ಟರೆ ಎಮ್ಮೆ ಹಿಂಡು ನಡೆದ ಹಾಗೆ. ಒಂದು ಇ ಫ್ಲ್ಯಾಟ್ ಬಾಸ್ ಮಾತ್ರ ಇರಲಿ, ಮೂರು ನಾಲ್ಕು ಬಾರ್ ಆದ ಮೇಲೆ ಪಕ್ಕದವರಿಗೆ ದಾಟಿಸಲಿ.

8. ಮೆಲ್ಲಗೆ ಬೇಕೆಂದರೆ ಜನ ಕಡಿಮೆ ಮಾಡಿ

ಪಿ ಎಂದರೆ ಮೆಲ್ಲಗೆ, ಎರಡು ಪಿ ಎಂದರೆ ಇನ್ನೂ ಮೆಲ್ಲಗೆ. ಆದರೆ 25 ಹಿತ್ತಾಳೆ ವಾದ್ಯಗಳಿಗೆ ಮೂರು ಪಿ ಬರೆದರೂ ಅದು ತಂತಿವಾದ್ಯಗಳ ಪಿಸುಮಾತು ಆಗುವುದಿಲ್ಲ, ಎಲ್ಲರೂ ಹೆದರಿಕೊಂಡು ಊದಿ ಸ್ವರ ಒಡೆಯುತ್ತದೆ. ಫ್ಲೂಗಲ್ ರಾಗದ ಕೆಳಗೆ ಎರಡು ಟೆನರ್ ಹಾರ್ನ್, ಎರಡು ಬ್ಯಾರಿಟೋನ್, ಒಂದು ಬಾಸ್ ಸಾಕು. ಉಳಿದ 19 ಜನ ಸುಮ್ಮನೆ ಕೂರಲಿ. ಮೊದಲ ಪುಟದಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲುಗಳು ಖಾಲಿ ಇದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಶುರುವಿನ ಕಾರ್ಡ್‌ಗಳು ಮೂರು ಟ್ರಾಂಬೋನ್, ಬ್ಯಾರಿಟೋನ್, ಬಾಸ್‌ಗಳಿಗೆ, ಜೊತೆಗೆ ಹಾರ್ನ್. ಕಾರ್ನೆಟ್‌ಗಳನ್ನು ಅಲ್ಲಿ ದೂರ ಇಡಿ. ಸ್ವಲ್ಪ ಹೊತ್ತಿಗೆ ಅದೇ ಕಾರ್ಡ್‌ಗಳು ಮರದ ಊದುವಾದ್ಯಗಳಲ್ಲಿ ಎತ್ತರದಲ್ಲಿ ಬರುತ್ತವೆ, ಆಗ ಕಾರ್ನೆಟ್‌ಗಳು ಮೊದಲ ಸಲ ಬಾಯಿ ತೆರೆದರೆ ಸಭೆಯಲ್ಲಿ ದೀಪ ಹಚ್ಚಿದ ಹಾಗಿರುತ್ತದೆ. ಸಿಂಫನಿಯ ಮೊದಲ ಭಾಗದ ರಾಗವನ್ನು ಟ್ರಾಂಬೋನ್‌ಗಳು ಜೋರಾಗಿ ನೆನಪಿಸುವ ಒಂದು ಜಾಗ ಇದೆ, ಕೊನೆಯ ಸಲ ಮುಖ್ಯ ರಾಗ ವಾಪಸ್ ಬರುವ ಸ್ವಲ್ಪ ಮುಂಚೆ. ಎಲ್ಲರೂ ಒಟ್ಟಿಗೆ ಊದಬೇಕಾದ್ದು ಅಲ್ಲಿ. ಅಲ್ಲಿಗೆಂದು ಉಳಿಸಿಟ್ಟುಕೊಳ್ಳಿ.

ತಾಳವಾದ್ಯದವರಿಗೆ ಟಿಂಪನಿ (ದೊಡ್ಡ ನಗಾರಿ) ಸಾಲನ್ನು ಇದ್ದ ಹಾಗೆ ಕೊಡಿ. ಪಾಪ ಸುಮ್ನೆ ಕೂತಿದ್ದಾರಲ್ಲ ಎಂದು ಸಿಂಬಲ್ ಸೇರಿಸಲು ಹೋಗಬೇಡಿ.

9. ಕೊನೆಯ ಕಾರ್ಡ್

ಇದಕ್ಕೆ ಬೇರೆಯೇ ಹಂತ ಕೊಟ್ಟಿದ್ದೇನೆ, ಯಾಕೆಂದರೆ ಇದು ಕೆಟ್ಟರೆ ಎಲ್ಲ ಕೆಟ್ಟ ಹಾಗೆ. ಲಾರ್ಗೊ ಮುಗಿಯುವುದು ಡಬಲ್ ಬಾಸ್‌ಗಳು ನಾಲ್ಕು ಪಾಲಾಗಿ ಹಿಡಿಯುವ ಕಾರ್ಡ್‌ನಿಂದ, ಬೇರೆ ಯಾರೂ ಇಲ್ಲ. ನಿಮ್ಮ ಬ್ಯಾಂಡ್‌ನಲ್ಲಿ ಬಾಸ್‌ನವರು ಎಷ್ಟು ಜನ? ನಾಲ್ಕು. ಕಣ್ಣು ಮಿನುಗುತ್ತದೆ, ಅಲ್ವಾ? ನನಗೂ ಮಿನುಗಿತ್ತು.

ತಂತಿಯಲ್ಲಿ ಅಷ್ಟು ಕೆಳಗಿನ ಕಾರ್ಡ್ ಮಂದವಾಗಿ ಕೇಳುತ್ತದೆ, ಟ್ಯೂಬಾದಲ್ಲಿ ಗೊಳಗೊಳ ಎನ್ನುತ್ತದೆ. ಅದರಲ್ಲೂ ನಡುವಿನ ಎಫ್ ಸ್ವರ ಕೆಳಗಿದ್ದಷ್ಟೂ ಕೆಸರು. ಹೀಗೆ ಮಾಡಿ ನೋಡಿ: ಬಿ ಫ್ಲ್ಯಾಟ್ ಬಾಸ್ ಇಬ್ಬರಿಗೂ ಬುಡದ ಡಿ ಫ್ಲ್ಯಾಟ್ (ಅವರ ಕಾಗದದಲ್ಲಿ ಮೊದಲ ಗೆರೆಯ ಇ ಫ್ಲ್ಯಾಟ್), ಇ ಫ್ಲ್ಯಾಟ್ ಬಾಸ್ ಇಬ್ಬರಿಗೂ ಎ ಫ್ಲ್ಯಾಟ್ (ಅವರಿಗೆ ಮೊದಲ ಸಂದಿಯ ಎಫ್). ಎಫ್ ಸ್ವರವನ್ನು ಒಂದು ಯೂಫೋನಿಯಂಗೆ ಎತ್ತರದಲ್ಲಿ, ಕೇಳಿಯೂ ಕೇಳದಷ್ಟು ಮೆಲ್ಲಗೆ ಕೊಡಿ. ಎರಡೆರಡು ಜನ ಇರುವುದರಿಂದ ಸರದಿ ಉಸಿರೂ ಆಯಿತು. ನಿಮ್ಮ ಬಾಸ್‌ನವರು ನಿಜಕ್ಕೂ ಗಟ್ಟಿಗರಾದರೆ ಮೂಲದ ಹಾಗೆ ನಾಲ್ಕು ಪಾಲನ್ನೂ ಪ್ರಯತ್ನಿಸಿ, ಹಾಲ್ ಯಾವುದು ಎಂಬುದರ ಮೇಲೂ ಹೋಗುತ್ತದೆ.

10. ಪಾರ್ಟ್‌ಗಳನ್ನು ತಯಾರಿಸಿ

ಪಾರ್ಟ್ ಎಂದರೆ ಒಬ್ಬೊಬ್ಬರ ಕೈಗೆ ಕೊಡುವ ಹಾಳೆ. ಬಾರ್ ಸಂಖ್ಯೆ ಇರಲಿ. ಹತ್ತಿಪ್ಪತ್ತು ಬಾರ್‌ಗೊಂದು ದೊಡ್ಡ ಅಕ್ಷರದ ಗುರುತು ಇರಲಿ. ಪುಟ ತಿರುಗಿಸುವ ಜಾಗದಲ್ಲಿ ಬಿಡುವು ಇರಲಿ, ಎರಡೂ ಕೈ ವಾದ್ಯದ ಮೇಲಿರುತ್ತದೆ. ಖಾಲಿ ಕುರ್ಚಿ ಇರಬಹುದಾದ ಕಡೆ ಕ್ಯೂ ಹಾಕಿ: ಬೇರೆಯವರ ಸಾಲನ್ನು ಸಣ್ಣ ಅಕ್ಷರದಲ್ಲಿ ಬರೆಯುವುದು, ಅವರು ಬರದಿದ್ದರೆ ಇವರು ಊದುತ್ತಾರೆ. ಸೊಪ್ರಾನೊ ಸಾಲಿನ ಕ್ಯೂ ರಿಪಿಯಾನೊಗೆ, ಫ್ಲೂಗಲ್ ರಾಗದ ಕ್ಯೂ ಮೊದಲ ಟೆನರ್ ಹಾರ್ನ್‌ಗೆ.

ಕಂಪ್ಯೂಟರ್ ನುಡಿಸಿ ತೋರಿಸಿದ್ದನ್ನು ನಂಬಬೇಡಿ. ಅದಕ್ಕೆ ಉಸಿರು ಬೇಕಿಲ್ಲ, ತುಟಿ ನೋಯುವುದಿಲ್ಲ, ಅದರ ಬಾಸ್ ಎಂದೂ ಜೋರಾಗುವುದಿಲ್ಲ. ತಪ್ಪು ಸ್ವರ ಹುಡುಕಲು ಮಾತ್ರ ಬಳಸಿ.

11. ಮೊದಲ ರಿಹರ್ಸಲ್

ಒಮ್ಮೆ ನಿಲ್ಲಿಸದೆ ಪೂರ್ತಿ ಊದಿಸಿ. ಮಧ್ಯೆ ನಿಲ್ಲಿಸಿ ವಿವರಣೆ ಕೊಡುವ ಆಸೆಯನ್ನು ತಡೆದುಕೊಳ್ಳಿ. ಸಾಧ್ಯವಾದರೆ ಬೇರೆಯವರಿಗೆ ನಿರ್ದೇಶಕರ ಕೋಲು ಕೊಟ್ಟು ನೀವು ಹಾಲ್‌ನ ಕೊನೆಯಲ್ಲಿ ನಿಂತು ಕೇಳಿ. ರಾಗ ಕೇಳಿಸದ ಕಡೆ ರಾಗದವರಿಗೆ ಜೋರು ಮಾಡಿ ಎನ್ನುವ ಮೊದಲು ಕೆಳಗಿನವರಲ್ಲಿ ಒಬ್ಬಿಬ್ಬರನ್ನು ತೆಗೆದು ನೋಡಿ.

ಮುಗಿದ ಮೇಲೆ ಎಲ್ಲ ಪಾರ್ಟ್‌ಗಳನ್ನೂ ವಾಪಸ್ ತೆಗೆದುಕೊಂಡು ಮನೆಗೆ ಬನ್ನಿ. ಊದಿದವರು ಪೆನ್ಸಿಲ್‌ನಲ್ಲಿ ಹಾಕಿರುವ ಗುರುತುಗಳನ್ನು ಒಂದೊಂದಾಗಿ ನೋಡಿ. ನೀವು ಹಾಕದ ಕಡೆ ಉಸಿರಿನ ಗುರುತು ಇದ್ದರೆ ಅಲ್ಲಿ ನಿಮ್ಮ ರಾಗ ಉದ್ದವಾಗಿದೆ. ಒಂದು ಸ್ವರದ ಸುತ್ತ ಎರಡೆರಡು ಸಲ ಸುತ್ತು ಹಾಕಿದ್ದರೆ ಆ ಫ್ಲ್ಯಾಟ್‌ಗೆ ಬೇರೆ ಹೆಸರು ಬೇಕು. ಮೂರನೇ ಕಾರ್ನೆಟ್‌ನವರ ಹಾಳೆಯಲ್ಲಿ ಹೂವಿನ ಚಿತ್ರ ಇದ್ದರೆ ಅವರಿಗೆ ಇನ್ನಷ್ಟು ಕೆಲಸ ಕೊಡಿ.